ಗಂಟೆಹೂವಿನ ಮನೆಗೆ ಬಂದ ದೊಡ್ಡವರು

ಗುಡ್ಡದ ಒಣಮರದ ತೂತಿನಲ್ಲಿ ಒಂಟಿಯಾಗಿ ಸಂಸಾರ ಹೂಡಿದ್ದ ಪುಟ್ಟ ಜೇನಿಗೆ ಗಂಟೆಹೂ ಬಿಟ್ಟರೆ ಬೇರೆ ಯಾವ ಹೂವಿನ ಪರಾಗವೂ ಒಗ್ಗುತ್ತಿರಲಿಲ್ಲ. ಬೆಳಗಾದರೆ ಹೂವಿನ ಬಾಯಲ್ಲಿ ನುಸುಳಿ, ಮೈಯೆಲ್ಲ ಪರಾಗ ಬಳಿದುಕೊಂಡು, ಪಕ್ಕದ ಹೂವಿಗಷ್ಟು ಮುಟ್ಟಿಸಿ, ಉಳಿದದ್ದನ್ನು ಮರಿಗಳಿಗೆ ಒಯ್ಯುವುದು ಅದರ ಕಸುಬು.

ಒಂದು ದಿನ ಹೂವು ಅದನ್ನು ಬಾಗಿಲಲ್ಲೇ ತಡೆಯಿತು. “ಇವತ್ತು ಒಳಗೆ ಬರಬೇಡ. ಕರಿದುಂಬಿ ರಾಯರು ಬರುವವರಿದ್ದಾರೆ. ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ನೀನು ಓಡಾಡುತ್ತಿದ್ದರೆ ಅವರು ಏನೆಂದುಕೊಂಡಾರು?”

“ರಾಯರ ಮೈ ನಿಮ್ಮ ಬಾಗಿಲಲ್ಲಿ ತೂರುವುದಿಲ್ಲವಲ್ಲ, ಅಮ್ಮಾ,” ಎಂದಿತು ಜೇನು.

“ದೊಡ್ಡವರಿಗೆ ದಾರಿ ಗೊತ್ತಿರುತ್ತದೆ.”

ಗೊತ್ತಿತ್ತು. ದುಂಬಿ ಬಂತು, ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಹೂವಿನ ಬೆನ್ನು ಕೊರೆದು, ಮಕರಂದವನ್ನೆಲ್ಲ ಹೀರಿ, ಒಂದು ಕಣ ಪರಾಗವನ್ನೂ ಮೈಗೆ ತಾಗಿಸಿಕೊಳ್ಳದೆ ಹಾರಿಹೋಯಿತು.

ಜೇನಿಗೆ ಪಾಪ ಅನ್ನಿಸಿತು. “ಬೀಜ ಕಟ್ಟುವ ಹೊತ್ತು ಮೀರುತ್ತಿದೆ. ಈಗಲಾದರೂ ಪರಾಗ ತಂದು ಮುಟ್ಟಿಸಲೇ?” ಎಂದು ಕೇಳಿತು.

ಹೂವಿಗೆ ಅದರ ಮಾತು ಕೇಳಲು ಪುರುಸೊತ್ತೇ ಇರಲಿಲ್ಲ. ಅಕ್ಕಪಕ್ಕದ ಹೂಗಳಿಗೆಲ್ಲ ಬೆನ್ನಿನ ತೂತು ತೋರಿಸುತ್ತ, “ನೋಡಿ, ಇಷ್ಟು ಜನರನ್ನು ಬಿಟ್ಟು ನಮ್ಮ ಮನೆಗೇ ಬಂದಿದ್ದರು,” ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಮರಿಗಳ ಊಟಕ್ಕೆಂದು ಜೇನು ಹೊರಟು ಬಂದಾಗ, ಗುಡ್ಡದ ಗಂಟೆಹೂಗಳೆಲ್ಲ ಬಾಗಿಲು ಮುಚ್ಚಿಕೊಂಡು, ದುಂಬಿ ಬರುವ ದಾರಿಗೆ ಬೆನ್ನೊಡ್ಡಿ ಕಾಯುತ್ತಿದ್ದವು.