ತಾರೆಮರದ ಪರವಾಗಿ ಒಂದು ಮಾತು

ಮುತ್ತುಗದ ಹೂ ಉದುರಿ ಮುಗಿದ ಒಂದು ಕಾಡಿನಲ್ಲಿ, ಹೊಳೆಗೆ ಇಳಿಯುವ ದಾರಿಯ ಅಂಚಿಗೆ ಆರು ಮರಗಳಿದ್ದವು. ಇಪ್ಪೆ, ಹುಣಸೆ, ನೆಲ್ಲಿ, ಮತ್ತಿ, ತಾರೆ, ಕಗ್ಗಲಿ.

ತಾರೆಮರದಲ್ಲಿ ಒಂದು ಪೊಟರೆ ಇತ್ತು. ಅದರೊಳಗೆ ಮಂಗಟ್ಟೆ ಹಕ್ಕಿಯ ಹೆಂಡತಿ ಮರಿಗಳ ಜೊತೆ ಕೂತಿದ್ದಳು. ಮಂಗಟ್ಟೆಗಳ ಪದ್ಧತಿಯೇ ಹಾಗೆ. ಮೊಟ್ಟೆಯಿಡುವ ಮೊದಲು ಹೆಣ್ಣು ಒಳಗೆ ಹೋಗಿ ಮಣ್ಣು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿಯಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಗರಿ ಮತ್ತೆ ಬರುವತನಕ ಅದು ಹಾರಲಾರದು. ಗಂಡು ದಿನವಿಡೀ ಹಣ್ಣು ತಂದು ಸೀಳಿನಲ್ಲಿ ಕೊಡಬೇಕು.

"ನಾವು ಇಲ್ಲಿರುವುದು ಯಾರಿಗೂ ಗೊತ್ತಾಗಬಾರದು" ಎಂದು ಹೆಂಡತಿ ಹೇಳಿದ್ದಳು. ಮಂಗಟ್ಟೆ ಯಾರಿಗೂ ಹೇಳಿರಲಿಲ್ಲ. ಆದರೆ ಮುಳ್ಳು ತುಂಬಿದ ಕಗ್ಗಲಿಯ ಬೇರಿನ ಕೆಳಗೆ ಬಿಲ ಮಾಡಿಕೊಂಡಿದ್ದ ನರಿಗೆ ಮೂಗು ಚುರುಕು. ತಾರೆಮರದ ಬುಡದಲ್ಲಿ ಹಣ್ಣಿನ ಸಿಪ್ಪೆ ಬಿದ್ದಿರುವುದನ್ನು ಅದು ಮೂಸಿತು. ಕತ್ತೆತ್ತಿ ನೋಡಿತು. ನಾಲಗೆಯಿಂದ ತುಟಿ ಸವರಿಕೊಂಡಿತು. ಮೇಲಿನ ಕೊಂಬೆಯಿಂದ ಮಂಗಟ್ಟೆ ಅದನ್ನು ಕಂಡಿತು. ನರಿಗೆ ಮರ ಹತ್ತಲು ಬರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿತು.

ಅದೇ ವಾರ ಆನೆಗಳ ಹಿಂಡು ಬಂತು. ಹಿರಿಯಳಾದ ಆನೆಯಜ್ಜಿ ಎಲ್ಲರನ್ನೂ ಕರೆದಳು.

"ಮಕ್ಕಳೇ, ಹೊಳೆಗೆ ಹೋಗುವ ದಾರಿಯಲ್ಲಿ ನಾವು ಇಲ್ಲಿ ಒಂದು ದಿನ ತಂಗಬೇಕು. ಹೋದ ವರ್ಷ ತಿಳಿಯದೆ ಯಾರ್ಯಾರದೋ ಮರ ಮುರಿದೆವು. ಈ ಸಲ ಯಾರಿಗೂ ಬೇಡದ ಒಂದು ಮರ ತೋರಿಸಿ. ಅದೊಂದನ್ನೇ ಕೆಡವಿ ತಿಂದು ಮುಂದೆ ಹೋಗುತ್ತೇವೆ."

ನರಿ ಮುಂದೆ ಬಂತು. "ಅಜ್ಜಿ, ಸಭೆ ನಾನು ನಡೆಸುತ್ತೇನೆ. ಒಬ್ಬೊಬ್ಬರೇ ತಮಗೆ ಇಷ್ಟವಾದ ಮರ ಯಾವುದು, ಯಾಕೆ ಇಷ್ಟ ಎಂದು ಹೇಳಲಿ. ಯಾರೂ ಹೆಸರು ಹೇಳದ ಮರ ನಿಮ್ಮದು. ಕೊನೆಗೆ 'ಸಭೆ ಮುಗಿಯಿತು' ಎಂದು ಮೂರು ಸಲ ಕೂಗುತ್ತೇನೆ. ಆಮೇಲೆ ಯಾರೂ ಬಾಯಿ ಬಿಡಬಾರದು. ಈ ಕಟ್ಟಳೆ ನನಗೂ ಸೇರಿ."

"ನಿನಗೂ ಸೇರಿ ಅಂದೆಯಲ್ಲ, ಒಳ್ಳೆಯದು" ಎಂದಳು ಆನೆಯಜ್ಜಿ.

ಮರ ಬಿದ್ದರೆ ಮಣ್ಣಿನ ಬಾಗಿಲು ತಾನಾಗಿಯೇ ಒಡೆಯುತ್ತದೆ. ನರಿಯ ಲೆಕ್ಕಾಚಾರ ಮಂಗಟ್ಟೆಗೆ ಆಗ ಅರ್ಥವಾಯಿತು.

ಕರಡಿ ಮೊದಲು ಮಾತಾಡಿತು. "ನನಗೆ ಇಪ್ಪೆ. ಅದರ ಹೂವಿಗೆ ಕತ್ತೆತ್ತುವ ಕೆಲಸವೇ ಇಲ್ಲ. ಅದು ಉದುರಿಸುತ್ತದೆ, ನಾನು ನೆಲ ನೆಕ್ಕುತ್ತೇನೆ. ಆಮೇಲೆ ಅದರ ಅಮಲಿಗೆ ಸ್ವಲ್ಪ ತೂಗಾಡುತ್ತೇನೆ, ಅಷ್ಟೇ."

"ಸ್ವಲ್ಪವೇ, ಕರಡಿಮಾವ?" ಎಂದಿತು ಕಪ್ಪು ಮೋರೆಯ ಕೋತಿ, ಮುಸುವ. "ಮೊನ್ನೆ ಹುತ್ತವನ್ನು ತಬ್ಬಿಕೊಂಡು ಅತ್ತಿಗೆಯ ಯೋಗಕ್ಷೇಮ ಕೇಳುತ್ತಿದ್ದಿರಿ."

ಎಲ್ಲರೂ ನಕ್ಕರು. ಮುಸುವ ಹುಣಸೆಯ ಹೆಸರು ಹೇಳಿತು. "ಅದರ ಕೊಂಬೆ ಬಾಗುತ್ತದೆ, ಮುರಿಯುವುದಿಲ್ಲ. ಮಕ್ಕಳನ್ನು ಅಲ್ಲಿ ಬಿಟ್ಟು ನಾನು ನಿದ್ದೆ ಮಾಡಬಲ್ಲೆ." ಜಿಂಕೆ ನೆಲ್ಲಿಯ ಹೆಸರು ಹೇಳಿತು. "ಅದರ ಕಾಯಿ ತಿಂದು ಹೋದರೆ ಹೊಂಡದ ಕೆಸರು ನೀರೂ ಸಿಹಿ." ನವಿಲು ಮತ್ತಿಯ ಹೆಸರು ಹೇಳಿತು. "ತುದಿಯಲ್ಲಿ ಕೂತರೆ ಚಿರತೆಯ ಬಾಲವೂ ಕಾಣುತ್ತದೆ."

"ಮಂಗಟ್ಟೆಯಣ್ಣ, ನಿನ್ನದು?" ಎಂದು ನರಿ ಕೇಳಿತು.

"ತಾರೆ" ಎಂದಿತು ಮಂಗಟ್ಟೆ.

"ಯಾಕೆ ಇಷ್ಟ?"

ಮಂಗಟ್ಟೆ ತಡವರಿಸಿತು. ಹೆಂಡತಿಯ ಮಾತು ನೆನಪಾಯಿತು. "ನೆರಳಿಗೆ" ಎಂದಿತು.

ನರಿ ತಾರೆಮರದ ಕಡೆ ಮುಖ ಎತ್ತಿತು. ಬೇಸಿಗೆಗೆ ಎಲೆಯೆಲ್ಲ ಉದುರಿ ಬರಿಯ ಕೊಂಬೆ ನಿಂತಿತ್ತು. "ಯಾರ ನೆರಳಪ್ಪಾ? ನಿನ್ನದೋ, ಮರದ್ದೋ?" ಸಭೆ ಗೊಳ್ಳೆಂದಿತು. "ಒಳಗೆಲ್ಲ ಪೊಳ್ಳು, ಮೇಲೆ ಒಂದು ಎಲೆಯಿಲ್ಲ. ಕಾರಣವಿಲ್ಲದ ಹೆಸರು ಲೆಕ್ಕಕ್ಕಿಲ್ಲ. ನಿಜವಾದ ಕಾರಣ ಯೋಚಿಸಿಕೊಂಡು ಬಾ. ಸರದಿಯ ಕೊನೆಗೆ ಹೋಗು."

ಅಷ್ಟರಲ್ಲಿ ಮರಿಗಳಿಗೆ ಹಸಿವಾಗುವ ಹೊತ್ತಾಗಿತ್ತು. ಮಂಗಟ್ಟೆ ಹೊಳೆಯ ದಡದ ಅತ್ತಿಮರಕ್ಕೆ ಹಾರಿತು. ಹಣ್ಣು ತಂದು ಯಾರೂ ಕಾಣದ ಹಾಗೆ ಹಿಂದಿನಿಂದ ಸುತ್ತಿ ಪೊಟರೆಗೆ ಬಂತು.

"ಏನ್ರೀ ಅದು ಗದ್ದಲ?" ಎಂದು ಸೀಳಿನಿಂದ ಹೆಂಡತಿ ಕೇಳಿದಳು.

"ಮರಗಳ ಮಾತು ನಡೀತಿದೆ ಕಣೇ. ನೀನು ಮಕ್ಕಳನ್ನು ನೋಡಿಕೋ."

ಮಂಗಟ್ಟೆ ಮರಳಿ ಸಭೆಗೆ ಬಂದಾಗ ಮೊಲ ನೆಲ್ಲಿಯನ್ನು ಹೊಗಳುತ್ತಿತ್ತು. "ಸರದಿಯಲ್ಲಿ ಎದ್ದು ಹೋದೆ. ಮತ್ತೆ ಕೊನೆಗೆ ಹೋಗು" ಎಂದಿತು ನರಿ. ಮಂಗಟ್ಟೆ ಕೊನೆಗೆ ಹೋಗಿ ಕೂತಿತು. ಹಸಿವಿನ ಹೊತ್ತಾಯಿತು, ಹಾರಿತು. ಉಣಿಸಿತು, ಬಂತು. "ಕೊನೆಗೆ" ಎಂದಿತು ನರಿ. ಮಂಗಟ್ಟೆ ಜಗಳವಾಡಲಿಲ್ಲ. ಮತ್ತೆ ಕೊನೆಗೆ ಹೋಗಿ ಕೂತಿತು. ಬಿಸಿಲು ನೆತ್ತಿಗೇರಿತು. ಎಲ್ಲ ಪ್ರಾಣಿಗಳೂ ಬಾಯಾರಿ ನಾಲಗೆ ಚಾಚಿದ್ದವು. ಮಂಗಟ್ಟೆಯ ರೆಕ್ಕೆ ಸೋತು ಜೋತು ಬಿದ್ದಿತ್ತು. ಆದರೂ ಅದು ಒಂದು ಊಟವನ್ನೂ ತಪ್ಪಿಸಲಿಲ್ಲ, ಸರದಿಯನ್ನೂ ಬಿಡಲಿಲ್ಲ.

"ಆ ಹಕ್ಕಿ ಎಲ್ಲಿಗೆ ಹೋಗಿ ಬರುತ್ತದೆ?" ಎಂದು ಆನೆಯಜ್ಜಿ ಕೇಳಿದಳು.

"ಅದಕ್ಕೆ ಒಂದು ಕಡೆ ನಿಲ್ಲುವ ಬುದ್ಧಿಯಿಲ್ಲ ಅಜ್ಜಿ" ಎಂದಿತು ನರಿ.

ಈಗ ಮಾತಾಡುವವರು ಬೇರೆ ಯಾರೂ ಉಳಿಯಲಿಲ್ಲ. ಮುಂದಿನ ಸರದಿ ಮಂಗಟ್ಟೆಯದೇ. ಈ ಸಲ ನಿಜವನ್ನೇ ಹೇಳಿಬಿಡಬೇಕು ಎಂದು ಅದು ಗಟ್ಟಿ ಮನಸ್ಸು ಮಾಡಿತು. ಆದರೆ ಬಾಯಿ ತೆರೆಯುವ ಮೊದಲೇ ಪೊಟರೆಯಿಂದ ಮರಿಯ ಕೀರಲು ದನಿ ಕೇಳಿಸಿತು. ಹೀಗೇ ಬಿಟ್ಟರೆ ಕೂಗು ಜೋರಾಗುತ್ತಿತ್ತು. ಮಂಗಟ್ಟೆ ಥಟ್ಟನೆ ಹಾರಿತು.

ನರಿ ಇದಕ್ಕೇ ಕಾದಿತ್ತು. ಹಕ್ಕಿ ಮರಳಿ ಬರುವ ಮೊದಲೇ ಮುಗಿಸಬೇಕೆಂದು ಉಸಿರು ಬಿಡದೆ ಕೂಗಿತು. "ಸಭೆ ಮುಗಿಯಿತು, ಸಭೆ ಮುಗಿಯಿತು, ಸಭೆ ಮುಗಿಯಿತು."

ಆನೆಯಜ್ಜಿ ಮೆಲ್ಲಗೆ ಎದ್ದಳು. "ಹಾಗಾದರೆ ಯಾರೂ ಕೇಳದ ಮರ ಎರಡು ಉಳಿದವು. ತಾರೆ, ಮತ್ತೆ ಕಗ್ಗಲಿ."

ನರಿಯ ಕಿವಿ ನೆಟ್ಟಗಾಯಿತು. ಬೆಳಗಿನಿಂದ ಮಂಗಟ್ಟೆಯ ಬಾಯಿ ಮುಚ್ಚಿಸುವ ಗಡಿಬಿಡಿಯಲ್ಲಿ ಅದು ತನ್ನ ಮರದ ಹೆಸರನ್ನೇ ಹೇಳಿರಲಿಲ್ಲ. "ಅಜ್ಜಿ, ಕಗ್ಗಲಿ ನನ್ನ—"

"ಶ್. ಸಭೆ ಮುಗಿಯಿತಲ್ಲಪ್ಪ. ಕಟ್ಟಳೆ ನಿನಗೂ ಸೇರಿ."

ನರಿ ಬಾಯಿ ಮುಚ್ಚಿತು. ತಾರೆಮರವನ್ನೇ ಮೊದಲು ಕೆಡವಲಿ ಎಂದು ಆಸೆಯ ಕಣ್ಣಿನಿಂದ ನೋಡಿತು.

ಹೊಳೆಯ ಕಡೆಯಿಂದ ಮಂಗಟ್ಟೆ ಬಂತು. ಆನೆಯಜ್ಜಿ ತಾರೆಮರದ ಕಡೆ ಹೆಜ್ಜೆ ಹಾಕುವುದು ಅದಕ್ಕೆ ಕಂಡಿತು. ಗಂಟಲ ತುಂಬ ಹಣ್ಣಿತ್ತು. ಮಾತಾಡಬೇಕಾದರೆ ಅಷ್ಟನ್ನೂ ಉಗುಳಬೇಕು. ಮಾತಾಡುವ ಹೊತ್ತೂ ಮೀರಿತ್ತು.

ಈ ಸಲ ಅದು ಹಿಂದಿನಿಂದ ಸುತ್ತಿ ಬರಲಿಲ್ಲ. ನೇರವಾಗಿ, ಎಲ್ಲರ ಕಣ್ಣೆದುರಿಗೆ, ಆನೆಯ ಸೊಂಡಿಲಿನ ಪಕ್ಕದಲ್ಲೇ ಹೋಗಿ ಪೊಟರೆಯ ಅಂಚಿಗೆ ಉಗುರು ಊರಿ ಕೂತಿತು. ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು ಸೀಳಿಗೆ ಹಿಡಿಯಿತು. ಒಳಗಿನಿಂದ ಒಂದು ಕೊಕ್ಕಿನ ತುದಿ ಹೊರಗೆ ಬಂತು. ಹಣ್ಣು ತೆಗೆದುಕೊಂಡಿತು. ಮತ್ತೆ ಬಂತು. ಮತ್ತೆ ತೆಗೆದುಕೊಂಡಿತು. ಒಳಗೆ ಮರಿಗಳು ಕಿಚಿಕಿಚಿ ಎಂದವು.

ಯಾರೂ ನಗಲಿಲ್ಲ. ಕರಡಿ ನೆಲ ನೋಡಿತು.

ಆನೆಯಜ್ಜಿ ಹೆಜ್ಜೆ ಹಿಂದಕ್ಕಿಟ್ಟಳು. "ಬೆಳಗಿನಿಂದ ಮರಗಳ ಹೊಗಳಿಕೆ ಕೇಳಿದೆ. ಈ ಮರದ ಮಾತು ಮಾತ್ರ ಕಣ್ಣಿಗೆ ಕಾಣುವ ಹಾಗಿದೆ" ಎಂದಳು. ಆಮೇಲೆ ಮುಸುವದ ಕಡೆ ತಿರುಗಿ, "ಇಲ್ಲಿ ಗೂಡಿದೆ ಎಂದು ಈಗ ನಿನಗೂ ಗೊತ್ತಾಯಿತು. ಈ ಮರ ಹತ್ತಬೇಡ" ಎಂದಳು.

"ನಾನೂ ಮಕ್ಕಳಿರುವವನು, ಅಜ್ಜಿ" ಎಂದಿತು ಮುಸುವ.

ಹಿಂಡು ಕಗ್ಗಲಿಯ ಕಡೆ ತಿರುಗಿತು. ಆನೆಗಳಿಗೆ ಮುಳ್ಳು ಒಂದು ಲೆಕ್ಕವಲ್ಲ. ಎರಡು ಸಲ ತಳ್ಳುತ್ತಲೇ ಮರ ಬೇರುಸಮೇತ ಎದ್ದಿತು. ಬಿಲ ಕುಸಿಯಿತು. ನರಿ ಬಾಯಿ ಬಿಡದೆ ಬಾಲ ಮಡಿಸಿಕೊಂಡು ಕಾಡು ದಾಟಿ ಹೋಯಿತು.

"ಏನ್ರೀ ಅದು ಸದ್ದು?" ಎಂದಳು ಹೆಂಡತಿ.

"ಮರಗಳ ಮಾತು ಮುಗೀತು ಕಣೇ" ಎಂದಿತು ಮಂಗಟ್ಟೆ. ಕೊನೆಯ ಹಣ್ಣನ್ನು ಸೀಳಿಗೆ ಹಿಡಿದು, ಮತ್ತೆ ಹೊಳೆಯ ಕಡೆ ಹಾರಿತು.

ನೀತಿ: ಇನ್ನೊಬ್ಬರ ಬಾಯಿ ಮುಚ್ಚಿಸಲು ಮಾಡಿದ ಕಟ್ಟಳೆ ಮಾಡಿದವನ ಬಾಯನ್ನೇ ಮುಚ್ಚಿಸುತ್ತದೆ, ಬಿಡದೆ ಮಾಡಿದ ಕೆಲಸ ಮಾತಿಲ್ಲದೆಯೂ ತನ್ನ ಪರವಾಗಿ ನಿಲ್ಲುತ್ತದೆ.