ಅರಮನೆಯ ಟ್ರ್ಯಾಕ್ಟರು ನೇಗಿಲೆತ್ತಿದ ದಿನ

"ಕೇಳಿರಪ್ಪೋ ಕೇಳಿ! ಅರಮನೆಯ ಟ್ರ್ಯಾಕ್ಟರು ನೇಗಿಲು ಎತ್ತುತ್ತಿಲ್ಲ. ಅದರ ರೋಗವನ್ನು ದೊರೆಗಳು ಮೂರು ಒಗಟುಗಳಲ್ಲಿ ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಕೋಟೆಯ ಹಾಳುಬಾವಿ. ಸರಿಯೋ ತಪ್ಪೋ ಎಂದು ಹೇಳುವುದು ದೊರೆಗಳಲ್ಲ, ನೇಗಿಲು!"

ಡಂಗುರ ಕೇಳಿದ ಕಣಿವೆನಾಡಿನ ಜನ ತಲೆ ತಗ್ಗಿಸಿದರು. ದೊರೆ ಹೊನ್ನೇರು ಹೂಡಿ ಮೊದಲ ಸಾಲು ಎಳೆಯುವ ತನಕ ಅಲ್ಲಿ ಯಾರೂ ಬೀಜ ಮುಟ್ಟುವಂತಿರಲಿಲ್ಲ. ಹಿಂದೆ ಅದಕ್ಕೆ ಎತ್ತುಗಳಿದ್ದವು. ದೊರೆಯ ಅಜ್ಜನ ಕಾಲದಲ್ಲಿ ಹಡಗಿನಿಂದ ಇಳಿದ ಕೆಂಪು ಟ್ರ್ಯಾಕ್ಟರು ಅವುಗಳ ಜಾಗದಲ್ಲಿ ನಿಂತಿತು. ಈಗ ಎಣ್ಣೆಯ ಒತ್ತಡದಿಂದ ನೇಗಿಲು ಎತ್ತುವ ಅದರ ಹಿಂಬದಿಯ ಎರಡು ಕಬ್ಬಿಣದ ತೋಳುಗಳು ಸೋತಿದ್ದವು. ಹೊಲದ ಹದ ದಿನದಿನಕ್ಕೆ ಆರುತ್ತಿತ್ತು.

ಮೊದಲು ಬಂದವನು ಅರಮನೆಯ ಮೇಸ್ತ್ರಿ ಸೂರಪ್ಪ. ದೊರೆ ಕೇಳಿದ: "ಬರಿಗೈಯಾದರೆ ತಲೆಯ ಮಟ್ಟಕ್ಕೆ ಎತ್ತುತ್ತಾನೆ. ನೇಗಿಲು ಕೊಟ್ಟರೆ ಅಲುಗುವುದಿಲ್ಲ. ಅವನ ಬಲ ಹೋದದ್ದೆಲ್ಲಿ?"

"ಪಂಪು ಸವೆದಿದೆ, ಮಹಾಸ್ವಾಮಿ. ಇದೂ ಒಂದು ಒಗಟೇ?"

ಹೊಸ ಪಂಪು ಹಾಕಿದರು. ನೇಗಿಲು ಅಲುಗಲಿಲ್ಲ. ಸೂರಪ್ಪ ಮನೆಗೆ ಮರಳಲಿಲ್ಲ.

ಎರಡನೆಯವನು ಪಟ್ಟಣದ ಇಂಜಿನಿಯರ್ ಜಯತೀರ್ಥ. "ವಾಲ್ವಿನ ಸ್ಪ್ರಿಂಗು ಸೋತಿದೆ. ಒತ್ತಡ ಕಟ್ಟುವ ಮೊದಲೇ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿದೆ" ಎಂದ. ಸ್ಪ್ರಿಂಗು ಬದಲಾಯಿತು, ನೇಗಿಲು ಮೊಳದಷ್ಟು ಎದ್ದಿತು. ಆದರೆ ಅಲ್ಲಿ ನಿಲ್ಲಲಿಲ್ಲ.

ದೊರೆ ಎರಡನೆಯದನ್ನು ಕೇಳಿದ: "ಎತ್ತಿದ್ದನ್ನು ಮೆಲ್ಲಗೆ ಇಳಿಸಿಬಿಡುತ್ತಾನೆ. ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ಸೋರಿದ್ದೆಲ್ಲಿ?"

"ಹನಿ ಇಲ್ಲದ ಮೇಲೆ ಸೋರಿಲ್ಲ. ನೇಗಿಲು ಭಾರ, ಅಷ್ಟೆ."

ಹಗುರವಾದ ನೇಗಿಲು ಕಟ್ಟಿದರು. ಅದೂ ಇಳಿಯಿತು. ಜಯತೀರ್ಥನ ಬೂಟುಗಳು ಬಾವಿಯ ಕಟ್ಟೆಯ ಮೇಲೆ ಉಳಿದವು.

ಮೂರನೆಯವನು ಗಾಡಿ ರಿಪೇರಿಯ ಪಾಲಣ್ಣ. ಸ್ಪ್ರಿಂಗಿನ ಮಾತು ಅವನಿಗೂ ತಿಳಿದಿತ್ತು. ಎರಡನೆಯದಕ್ಕೆ, "ಹೊಟ್ಟೆಯೊಳಗೇ ಸೋರೈತೆ, ಬುದ್ಧಿ. ಸಿಲಿಂಡರಿನ ಒಳಗೆ ಪಿಸ್ಟನ್ನಿನ ರಿಂಗು ತಿಂದೋಗಿರಬೇಕು" ಎಂದ. ಹಳೆಯ ಎಣ್ಣೆ ಇಳಿಸಿ, ಸಿಲಿಂಡರು ಬಿಚ್ಚಿ, ರಿಂಗು ಬದಲಿಸಿ, ಹೊಸ ಎಣ್ಣೆ ತುಂಬಲು ಎರಡು ದಿನ ಹಿಡಿಯಿತು. ನೇಗಿಲು ಎದ್ದಲ್ಲೇ ನಿಂತಿತು. ಆದರೆ ಮೊಳಕ್ಕಿಂತ ಮೇಲೆ ಹೋಗಲಿಲ್ಲ.

ದೊರೆ ಮೂರನೆಯದನ್ನು ಕೇಳಿದ: "ಅವನ ಹೊಟ್ಟೆ ತುಂಬ ಎಣ್ಣೆಯಿದೆ. ಆದರೂ ಹಾಲು ಸಿಗದ ಕೂಸಿನಂತೆ ಕಿರುಚುತ್ತಾನೆ, ಅರ್ಧಕ್ಕೇ ನಿಲ್ಲುತ್ತಾನೆ. ಅವನ ಊಟ ಕೆಡಿಸಿದವರು ಯಾರು?"

ಪಾಲಣ್ಣ ಎಣ್ಣೆಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ. "ಗೊತ್ತಿಲ್ಲ, ಬುದ್ಧಿ."

ಅವನನ್ನೂ ಬಾವಿಗೆ ಒಯ್ದರು.

ಪಾಲಣ್ಣನ ತಮ್ಮ ಓಬಯ್ಯ ಸುಟ್ಟ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಗಾಡಿಯ ಅಚ್ಚಿಗೆ ಹಾಕುವವರಿಗೆ ಮಾರುವವನು. ಟ್ರ್ಯಾಕ್ಟರಿನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಅಣ್ಣ ಅವನಿಗೇ ತಂದುಕೊಟ್ಟಿದ್ದ. ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ನೋಡಿ ಪಾಲಣ್ಣ ಬಾಗಿಲು ಹಾಕಿದ್ದ. ಬಟ್ಟೆಯನ್ನು ಗಂಟು ಕಟ್ಟಿ, "ಇದನ್ನ ಯಾರಿಗೂ ತೋರಿಸಬೇಡ" ಎಂದಷ್ಟೇ ಹೇಳಿ ಹೋಗಿದ್ದ.

ಅಣ್ಣ ಬಾವಿಗೆ ಹೋದ ಒಂಬತ್ತನೆಯ ದಿನ ಓಬಯ್ಯ ಗಂಟನ್ನು ತೆಗೆದುಕೊಂಡು ಹೊರಟ. ಹೊಸ್ತಿಲಲ್ಲಿ ಕೂತಿದ್ದ ತಾಯಿ ತಡೆಯಲಿಲ್ಲ. "ಅವನು ಸುಮ್ಮನಿದ್ದು ಹೋದ. ನೀನು ಹೇಳಿಬಿಟ್ಟಾದ್ರೂ ಹೋಗು" ಎಂದಳು.

ಅರಮನೆಯಂಗಳದಲ್ಲಿ ಮಂತ್ರಿ ಮೂಗು ಮುಚ್ಚಿಕೊಂಡ. "ಎಣ್ಣೆ ಸೋಸೋನಾ? ಬಾವಿಗೆ ಇನ್ನೊಬ್ಬ ಕಮ್ಮಿಯಾಗಿದ್ದ, ಬಾ."

"ಸೋಸಿದ್ದಕ್ಕೇ ಗೊತ್ತಾಗಿದ್ದು, ಸ್ವಾಮಿ" ಎಂದ ಓಬಯ್ಯ.

ದೊರೆ ಮೂರು ಒಗಟುಗಳನ್ನೂ ಕೇಳಿದ. ಸ್ಪ್ರಿಂಗು, ರಿಂಗು ಎಂದು ಎರಡಕ್ಕೆ ಓಬಯ್ಯ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟ. ಮೂರನೆಯದಕ್ಕೆ ಗಂಟು ಬಿಚ್ಚಿದ. ಎಣ್ಣೆಯಲ್ಲಿ ಕಪ್ಪಾದ ಬಟ್ಟೆಯ ನಡುವೆ ಅರಿಶಿನದ ಅಕ್ಕಿಕಾಳುಗಳು.

ಅಕ್ಷತೆ ಎಲ್ಲಿಂದ ಬಂತೆಂದು ಅಲ್ಲಿ ತಿಳಿಯದವರಿರಲಿಲ್ಲ. ಹೊನ್ನೇರಿಗೆ ಮುನ್ನ ದೊರೆ ಎತ್ತಿನ ಬಾಯಿಗೆ ಕೈಯಾರೆ ಒಂದು ತುತ್ತು ಉಣಿಸುವುದು ಹಳೆಯ ವಾಡಿಕೆ. ಅಜ್ಜನೂ ಅಪ್ಪನೂ ಟ್ರ್ಯಾಕ್ಟರಿನ ಮುಂದೆ ಎಡೆಯಿಟ್ಟು ಸುಮ್ಮನಾಗಿದ್ದರು. ಈ ದೊರೆ ಕಟ್ಟುನಿಟ್ಟಿನವನು. ಹಿಂಬದಿಯ ಎಣ್ಣೆಯ ಮುಚ್ಚಳವೇ ಬಾಯಿ ಎಂದು ತೀರ್ಮಾನಿಸಿ, ಹನ್ನೆರಡು ವರ್ಷ ತಪ್ಪದೆ ಅದರೊಳಗೆ ಒಂದೊಂದು ಹಿಡಿ ಅಕ್ಷತೆ ಹಾಕಿದ್ದ.

"ಎಣ್ಣೆ ಪಂಪಿಗೆ ಹೋಗೋ ದಾರೀಲಿ ಒಂದು ಜಾಲರಿ ಐತೆ. ಅದು ಕಟ್ಟಿಕೊಂಡಿರಬೇಕು" ಎಂದ ಓಬಯ್ಯ. "ಊಟ ಕೆಡಿಸಿದವರು ಬೇರೆ ಯಾರೂ ಇಲ್ಲ, ಬುದ್ಧಿ. ಉಣಿಸಿದ ಕೈಯೇ."

ಮಂತ್ರಿ ಕಾವಲಿನವರಿಗೆ ಸನ್ನೆ ಮಾಡಿದ. ದೊರೆ ಕೈಯೆತ್ತಿ ತಡೆದ. "ಹೇಳಬೇಕಾದ್ದು ನೇಗಿಲು."

ಓಬಯ್ಯ ಎಣ್ಣೆ ಇಳಿಸಿ ಜಾಲರಿಯನ್ನು ಹೊರತೆಗೆದ. ಅದರ ಕಣ್ಣುಗಳೆಲ್ಲ ಹಳದಿ ಹಿಟ್ಟಿನಿಂದ ಮುಚ್ಚಿಹೋಗಿದ್ದವು. ತೊಳೆದು ಕೂರಿಸಿ, ಹೊಸ ಎಣ್ಣೆ ತುಂಬಿ ಸನ್ನೆಕೋಲನ್ನು ಎಳೆದ. ಕಿರುಚಾಟವಿಲ್ಲದೆ ನೇಗಿಲು ಎದೆಯ ಮಟ್ಟಕ್ಕೆ ಎದ್ದು ನಿಂತಿತು.

ದೊರೆ ಕೇಳಿದ: "ನಿನ್ನಣ್ಣನಿಗೆ ಇದು ಗೊತ್ತಿತ್ತೇ?"

"ಗೊತ್ತಿತ್ತು, ಬುದ್ಧಿ."

"ಮತ್ತೇಕೆ ಹೇಳಲಿಲ್ಲ?"

"ಹೇಳಿದ್ರೆ ನಾನು, ಅವ್ವ, ಅವನು ಮೂವರೂ ಬಾವಿಗೆ ಅಂದ್ಕೊಂಡ. ಸುಮ್ಮನಿದ್ರೆ ಅವನೊಬ್ಬನೇ."

ದೊರೆ ತನ್ನ ಬಲಗೈಯನ್ನು ನೋಡಿಕೊಂಡ. "ಬೇಡು. ಕೊಟ್ಟ ಮಾತಿದೆ."

"ಆ ಎಣ್ಣೆಯ ಮುಚ್ಚಳಕ್ಕೆ ಒಂದು ಬೀಗ. ಹಾಳುಬಾವಿಗೆ ಒಂದು ಮುಚ್ಚಳ, ಅದಕ್ಕೂ ಒಂದು ಬೀಗ. ಎರಡರ ಬೀಗದ ಕೈಯೂ ನನ್ನ ಹತ್ರ ಇರಲಿ."

ಹಾಗೇ ಆಯಿತು. ಓಬಯ್ಯ ಅರಮನೆಯ ಮೇಸ್ತ್ರಿಯಾದ, ಎರಡು ಬೀಗದ ಕೈಗಳನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆ ದಿನವೇ ಮೊದಲ ಸಾಲು ಬಿತ್ತು, ನಾಡು ಬಿತ್ತಿತು.

ಮುಂದೆ ಪ್ರತಿವರ್ಷ ಹೊನ್ನೇರಿನ ಬೆಳಗ್ಗೆ ದೊರೆ ಅಕ್ಷತೆ ಹಿಡಿದು ಟ್ರ್ಯಾಕ್ಟರಿನ ಹಿಂದೆ ಬಂದು ನಿಲ್ಲುತ್ತಿದ್ದ, ಬೀಗ ನೋಡುತ್ತಿದ್ದ. ಆಮೇಲೆ ಒಬ್ಬನೇ ಕೋಟೆಯ ಕಡೆ ನಡೆದು, ಬಾವಿಯ ಮುಚ್ಚಳದ ಮೇಲೆ ಮುಷ್ಟಿ ಬಿಚ್ಚಿ ಬರುತ್ತಿದ್ದ.