ದಿನಕ್ಕೊಂದೇ ಗುಂಡು

ಸಾವಂತ್ರಿ ಬಂದೂಕು ಕೊಳ್ಳುತ್ತಾಳೆಂದು ಗೊತ್ತಾದಾಗ ಬಂದೂಕು ಮುಟ್ಟದವರೂ ಬುದ್ಧಿ ಹೇಳಲು ಬಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಕೆಲವರು. ಹೆಣ್ಣುಮಗಳಿಗೆ ಇದೆಲ್ಲ ಯಾತಕ್ಕೆ ಎಂದರು ಉಳಿದವರು. ಬಿಟ್ಟಿ ಸಿಗುವುದರಲ್ಲಿ ಬುದ್ಧಿಮಾತಿನಷ್ಟು ಧಾರಾಳವಾದದ್ದು ಬೇರೊಂದಿಲ್ಲ.

ಅವಳು ಕನ್ಯಾಶಾಲೆಯಲ್ಲಿ ಆಟ ಕಲಿಸುವ ಅಕ್ಕೋರು. ಬೆಳಗಾದರೆ ಘಟಪ್ರಭೆಯ ದಂಡೆಯ ರೈಫಲ್ ಕ್ಲಬ್ಬಿನ ಗುರಿ ಮೈದಾನದಲ್ಲಿ ಹವಾಲ್ದಾರ ಭರಮಪ್ಪನ ಶಿಷ್ಯೆ. ಮೂರು ವರ್ಷ ಅವನ ಹಳೆಯ ರೈಫಲ್ಲಿನಲ್ಲೇ ಕಲಿತಿದ್ದಳು. ಈಗ ಅದರ ನಳಿಗೆ ಸವೆದುಹೋಗಿತ್ತು.

ರಾಜ್ಯದ ಪಂದ್ಯಕ್ಕೆ ಕ್ಲಬ್ಬಿನಿಂದ ಒಬ್ಬರನ್ನೇ ಕಳಿಸುತ್ತಿದ್ದರು. ಆರುನೂರು ಮೀಟರ್ ದೂರದ ಗುರಿ. ಸ್ವಂತ ರೈಫಲ್ ಇರಲೇಬೇಕು. ಸಾವಂತ್ರಿಗೆ ಆ ಒಂದು ಜಾಗ ಬೇಕಿತ್ತು. ಊಟ ನಿದ್ದೆ ಬಿಟ್ಟು ಹಂಬಲಿಸುವಷ್ಟು ಬೇಕಿತ್ತು.

ಅವಳ ಪರವಾನಗಿಗೆ ಒಂದೇ ಬಂದೂಕು. ಒಮ್ಮೆ ನಂಬರು ಬರೆಸಿದರೆ ಬದಲಿಸಲು ವರ್ಷಗಟ್ಟಲೆ ಓಡಾಡಬೇಕು. ಆರಿಸುವಾಗ ಎಡವಿದರೆ ಪಂದ್ಯ ಹೋದಂತೆಯೇ.

ಮೈದಾನದ ಬಾಗಿಲಲ್ಲೇ ಮಾರುತಿಯ ಬಂದೂಕಿನ ಅಂಗಡಿ. ಅವನು ಮೂರು ಬೋಲ್ಟ್ ರೈಫಲ್ ತಂದಿಟ್ಟ. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವ ಜಾತಿಯವು.

ಮೊದಲನೆಯದು ವಿಲಾಯತಿ. ಅಕ್ರೋಟ್ ಮರದ ಹಿಡಿ, ಮುಖ ಕಾಣುವಷ್ಟು ಹೊಳಪು.

"ಇದನ್ನ ತಗೋತೀನ್ರಿ ಮಾಸ್ತರ," ಎಂದಳು ಸಾವಂತ್ರಿ. "ಕೂಡಿಟ್ಟದ್ದೆಲ್ಲಾ ಹಾಕಿದ್ರ ಬರತೈತಿ."

"ಗುಂಡು?" ಎಂದು ಕೇಳಿದ ಭರಮಪ್ಪ.

"ಆಮ್ಯಾಲ ನೋಡೂಣ್ರಿ."

"ಹಂಗಾರ ಒಂದು ಮೊಳಿನೂ ತಗೋ. ಗ್ವಾಡಿಗೆ ತೂಗಹಾಕಾಕ ಬೇಕಾಕ್ಕೈತಿ."

ಸಾವಂತ್ರಿ ಅದನ್ನು ಕೆಳಗಿಟ್ಟಳು.

ಎರಡನೆಯದು ಹೊಸದು, ದಪ್ಪ ನಳಿಗೆಯದು. ಕ್ಲಬ್ಬಿನ ಅಧ್ಯಕ್ಷರಾದ ಇನಾಮದಾರ ಸಾಹೇಬರ ಅಳಿಯ ಕೂಡ ಅಂಥದ್ದನ್ನೇ ಇಟ್ಟುಕೊಂಡಿದ್ದ. ಮೂರನೆಯದಕ್ಕೆ ಅದರ ಅರ್ಧ ಬೆಲೆ. ಹಿಡಿಯ ಬಣ್ಣ ಮಾಸಿತ್ತು, ಬೋಲ್ಟ್ ಬಿಗಿ. ತೋರಿಸಲು ಮಾರುತಿಗೇ ನಾಚಿಕೆಯಾದಂತಿತ್ತು.

ಸಾವಂತ್ರಿ ಎರಡರಿಂದಲೂ ಸಾಲಾಗಿ ಐದೈದು ಗುಂಡು ಹೊಡೆದಳು. ಹೊಳೆಯಾಚೆ, ಮಣ್ಣಿನ ಗೋಡೆಯ ಮುಂದೆ ಗುರಿಯ ಕಾಗದ. ಅದರ ನಡುವೆ ಮೊರದಗಲದ ಕರಿ ವೃತ್ತ. ಎರಡನೆಯದರ ಮೊದಲ ಗುಂಡು ಅಂಚಿಗೆ ಹೋಯಿತು, ಉಳಿದ ನಾಲ್ಕು ನಡುವಿಗೇ ಬಿದ್ದವು. ಮೂರನೆಯದರ ಒಂದು ಗುಂಡೂ ಕರಿಯೊಳಗೆ ಹೋಗಲಿಲ್ಲ.

"ಮುಗೀತ್ರಿ," ಎಂದಳು. "ಎರಡನೇದ ಖರೆ."

ಭರಮಪ್ಪ ಕಾಗದ ತರಿಸಿ ನೋಡಿದ. ನಾಲ್ಕಾಗಿ ಹರಿದ.

"ನಾಳೆ ಬಾ. ಎರಡರಿಂದ್ಲೂ ಒಂದೊಂದ ಗುಂಡು. ರೈಫಲ್ ಮ್ಯಾಲಿನ ದುರ್ಬೀನಿನ ತಿರುಪು ಮುಟ್ಟಬ್ಯಾಡ. ಹೊಡದು ಸಾಲಿಗೆ ಹೋಗು. ನಾಡದೂ ಹಂಗ. ಹತ್ತು ದಿನ, ಒಂದೊಂದು ರೈಫಲ್ಲಿಗೆ ಒಂದ ಕಾಗದ."

"ಒಂದ ಗುಂಡಿನ್ಯಾಗ ಏನ್ ತಿಳೀತೈತ್ರಿ? ನಳಿಗಿ ಕಾದ ಮ್ಯಾಲ ಹೆಂಗ ಹೊಡೀತು ನೋಡಿದ್ರಿಲ್ಲ?"

"ಪಂದ್ಯದಾಗ ಮೊದಲ್ನೇ ಗುಂಡಿಗೆ ನಳಿಗಿ ಕಾಸಿ ಕೊಡಾವ್ರು ಯಾರು?"

ಅವಳಿಗೆ ಸಿಟ್ಟು ಬಂತು. ಬಂದರೂ ಮರುದಿನ ಹೋದಳು. ಒಂದು, ಮತ್ತೊಂದು. ಅಷ್ಟೇ. ಅಡುಗೆಮನೆಯವರೆಗೆ ಕರೆದು ಒಂದೇ ತುತ್ತು ಹಾಕಿ ಕಳಿಸಿದಂತೆ.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. "ಉಳಿದದ್ದೆಲ್ಲಾ ಇವತ್ತ ಹೊಡದ ಬಿಡತೀನ್ರಿ ಮಾಸ್ತರ. ಬ್ಯಾಸರ ಬಂದೈತಿ."

"ಬ್ಯಾಸರ ಬಂದ್ರ ಹೊಳ್ಯಾಗ ಈಸು," ಎಂದ ಭರಮಪ್ಪ.

ಹತ್ತು ದಿನದಲ್ಲಿ ಬಿಸಿಲಿತ್ತು, ಮೋಡವಿತ್ತು, ಎರಡು ದಿನ ಕೆಟ್ಟ ಗಾಳಿ ನಿಲ್ಲುವವರೆಗೆ ಕಾಯಬೇಕಾಯಿತು. ಹತ್ತನೆಯ ದಿನ ಮಾರುತಿ ಎರಡು ಕಾಗದಗಳನ್ನೂ ತಂದು ಬೇವಿನ ಮರಕ್ಕೆ ಚುಚ್ಚಿದ. ಅದೇ ಹೊತ್ತಿಗೆ ಇನಾಮದಾರ ಸಾಹೇಬರು ಬಂದರು. ಅವರ ಕೈಯಲ್ಲಿ ಪಂದ್ಯದ ಅರ್ಜಿ ಇತ್ತು.

ಎರಡನೆಯ ರೈಫಲ್ಲಿನ ಕಾಗದದಲ್ಲಿ ನಾಲ್ಕು ಗುಂಡು ಕರಿಯೊಳಗೆ. ಉಳಿದ ಆರು ಒಂದು ಮೇಲೆ, ಒಂದು ಬಲಕ್ಕೆ, ಒಂದು ಕಾಗದದ ಮೂಲೆಗೆ, ಹೀಗೆ ದಿಕ್ಕಿಗೊಂದು.

ಮೂರನೆಯದರ ಹತ್ತೂ ಗುಂಡು ಕರಿಯ ಹೊರಗೆ, ಕೆಳಗೆ ಎಡಕ್ಕೆ. ಆದರೆ ಹತ್ತೂ ಒಂದೇ ಊಟದ ತಟ್ಟೆಯೊಳಗೆ ಹಿಡಿಸುವಂತಿದ್ದವು.

ಸಾವಂತ್ರಿ ಬಹಳ ಹೊತ್ತು ನೋಡಿದಳು. ಆಮೇಲೆ ಮೂರನೆಯದನ್ನು ಎತ್ತಿಕೊಂಡಳು.

"ಇದ," ಎಂದಳು.

ಸಾಹೇಬರು ನಕ್ಕರು. "ಒಂದೂ ಗುರಿಗಿ ಬಿದ್ದಿಲ್ಲಲ್ಲವಾ ಅದರಾಗ."

"ತಪ್ಪತೈತ್ರಿ. ಆದ್ರ ದಿನಾ ಅಲ್ಲೇ ತಪ್ಪತೈತಿ. ತಿರುಪು ತಿರುವಿದ್ರ ಅದು ನಡುವಕ್ಕ ಬರತೈತಿ. ಎರಡನೇದು ನಾಳೆ ಎಲ್ಲಿ ಹೊಡೀತೈತಿ ಅಂತ ಅದಕ್ಕ ಗೊತ್ತಿಲ್ಲ. ಅದಕ್ಕ ಯಾವ ತಿರುಪು ತಿರುವಲ್ರಿ?"

"ಕುಣೀಲಿಕ್ಕೆ ಬಾರದಾಕಿ ಅಂಗಳ ಡೊಂಕು ಅಂದ್ಲಂತ," ಎಂದರು ಸಾಹೇಬರು. "ನಮ್ಮ ಅಳಿಯಗ ಸರಿ ಇರೂ ರೈಫಲ್ ನಿನಗ ಸರಿ ಇಲ್ಲ? ಇದನ್ನ ಹೊತಗೊಂಡು ಹೋದ್ರ ಕ್ಲಬ್ಬಿನ ಮರ್ಯಾದಿ ಏನಾಗಬೇಕು? ಎರಡನೇದು ತಗೊಂಡ್ರ ಸಹಿ ಮಾಡತೀನಿ. ಇಲ್ಲಂದ್ರ ಅಳಿಯಾನ್ನ ಕಳಸತೀನಿ."

ಸಾವಂತ್ರಿ ಗುರುವಿನ ಕಡೆ ನೋಡಿದಳು. ಹತ್ತು ದಿನ ಈ ಹಾದಿಯಲ್ಲಿ ನಡೆಸಿದವನು ಅವನೇ. ಈಗ ಒಂದು ಮಾತು ಆಡುತ್ತಾನೆಂದು ನಂಬಿದ್ದಳು.

"ಸಾಹೇಬ್ರು ಹೇಳಿದಂಗ ಕೇಳು," ಎಂದ ಭರಮಪ್ಪ. "ಎರಡನೇದು ತಗೋ."

ಅವಳು ಮರದ ಮೇಲಿನ ಕಾಗದಗಳತ್ತ ಕೈ ಮಾಡಿದಳು. "ನೀವೂ ಹಿಂಗ ಅಂತೀರೇನ್ರಿ? ಕಾಗದ ನೋಡಿದ್ರಿ?"

"ನೋಡೀನಿ. ಅದರ ಬೋಲ್ಟ್ ಬಿಗಿ ಐತಿ. ನಿನ್ನ ಕೈ ನೋಯತೈತಿ."

"ನೋಯಲಿ."

"ಸಹಿ ಬೀಳೂದಿಲ್ಲ."

"ಬೀಳದಿದ್ರ ಹೋಗಲ್ರಿ. ತಪ್ಪು ಬಂದೂಕು ಹಿಡಕೊಂಡು ಹೋಗೂಕಿಂತ ಸರಿ ಬಂದೂಕು ಹಿಡಕೊಂಡು ಇಲ್ಲೇ ಕೂಡತೀನಿ." ಅವಳು ಸಾಹೇಬರ ಕಡೆ ತಿರುಗಿದಳು. "ಒಂದ ಗುಂಡು ಹೊಡೀತೀನ್ರಿ. ಈಗ, ನಿಮ್ಮ ಮುಂದ. ಕರಿಯೊಳಗ ಬಿದ್ರ ಸಹಿ ಮಾಡ್ರಿ. ಬೀಳದಿದ್ರ ನಾ ಮತ್ತ ಈ ಮೈದಾನಕ್ಕ ಕಾಲಿಡೂದಿಲ್ಲ."

ಸುತ್ತ ಹತ್ತಾರು ಜನ ಸೇರಿದ್ದರು. ಸಾಹೇಬರು ಅವರತ್ತ ಒಮ್ಮೆ ನೋಡಿದರು. "ಆಗಲಿ," ಎಂದರು.

ಆ ದಿನದ ಗುಂಡು ಹೊಡೆದು ಎರಡು ತಾಸಾಗಿತ್ತು. ನಳಿಗೆ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಸಾವಂತ್ರಿ ಕಾಗದದ ಮೇಲೆ ಬೆರಳಿಟ್ಟು ಅಳೆದಳು. ದುರ್ಬೀನಿನ ತಿರುಪನ್ನು ಎಣಿಸಿ ಎಣಿಸಿ ತಿರುವಿದಳು, ಮೊದಲು ಮೇಲಕ್ಕೆ, ಆಮೇಲೆ ಬಲಕ್ಕೆ. ನೆಲದ ಮೇಲೆ ಬೋರಲು ಮಲಗಿದಳು.

"ಏಳು," ಎಂದ ಭರಮಪ್ಪ ಹಿಂದಿನಿಂದ. "ಆ ಬಂದೂಕಿಗೆ ನನ್ನ ಒಪ್ಪಿಗಿ ಇಲ್ಲ."

ಅವಳು ಏಳಲಿಲ್ಲ.

"ಸಾವಂತ್ರಿ, ಗುರು ಹೇಳಾಕತ್ತೀನಿ."

"ಕೇಳಸತೈತ್ರಿ," ಎಂದಳು, ಕಣ್ಣು ತೆಗೆಯದೆ. ಬಿಗಿ ಬೋಲ್ಟನ್ನು ಎಳೆದು ಒಂದು ಗುಂಡು ತುಂಬಿದಳು. ಅರ್ಧ ಉಸಿರು ಬಿಟ್ಟಳು. ಉಳಿದರ್ಧ ಹಿಡಿದಳು.

ಸದ್ದು ಹೊಳೆಯಾಚೆ ಹೋಗಿ ತಿರುಗಿ ಬಂತು.

ಹೊಸ ಕಾಗದ ಕಟ್ಟಿ ಆಚೆ ದಂಡೆಯ ತಗ್ಗಿನಲ್ಲಿ ಕೂತಿದ್ದ ಆಳು ಬಿಳಿ ಬಿಲ್ಲೆ ಕಟ್ಟಿದ ಕೋಲೆತ್ತಿ ಗುಂಡು ಬಿದ್ದ ಜಾಗ ತೋರಿಸಿದ. ಕರಿಯೊಳಗೆ. ನಡುವಿನಿಂದ ನಾಲ್ಕು ಬೆರಳು ಬಲಕ್ಕೆ.

"ನಡುವಕ್ಕಿಲ್ಲ," ಎಂದರು ಸಾಹೇಬರು.

"ಕರಿಯೊಳಗ ಅಂದಿದ್ದೆ. ನಡುವಕ್ಕ ನಾಳೆ ತರತೀನ್ರಿ. ಒಂದೀಟು ಹೆಚ್ಚು ತಿರುವೀನಿ, ನನಗ ಗೊತ್ತಾತು."

ಸಾಹೇಬರು ಅರ್ಜಿಯನ್ನು ಬೇವಿನ ಮರಕ್ಕೆ ಒತ್ತಿ ಹಿಡಿದು ಸಹಿ ಮಾಡಿದರು. ಪೆನ್ನಿನ ತುದಿ ಕಾಗದ ತೂತು ಮಾಡಿತು. ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಮಾರುತಿ ಮೂರನೆಯ ರೈಫಲ್ಲಿನ ನಂಬರನ್ನು ಪರವಾನಗಿಗೆ ಬರೆದುಕೊಟ್ಟ. ಜನ ಚದುರಿದರು. ದಂಡೆಯ ಮೇಲೆ ಇಬ್ಬರೇ ಉಳಿದರು.

ಸಾವಂತ್ರಿಗೆ ಗೆದ್ದ ಸಂತೋಷಕ್ಕಿಂತ ಗುರುವಿನ ಎದುರು ನಿಂತ ಸಂಕಟವೇ ಹೆಚ್ಚಾಗಿತ್ತು. ಬಗ್ಗಿ ಅವನ ಕಾಲು ಮುಟ್ಟಿದಳು.

"ನಿಮ್ಮ ಮಾತು ಮೀರಿದೆ ಮಾಸ್ತರ. ತಪ್ಪಾತು ಅಂತ ಮಾತ್ರ ಅನ್ನೂದಿಲ್ಲ."

ಭರಮಪ್ಪ ಬೇವಿನ ಮರದಿಂದ ಕಾಗದಗಳನ್ನು ಬಿಡಿಸಿ, ಮೂರನೆಯದರದ್ದನ್ನು ಮಡಿಸಿ ಅವಳ ಕೈಗಿಟ್ಟ.

"ನಾಳೆ ಎಷ್ಟೊತ್ತಿಗೆ ಬರಲ್ರಿ?" ಎಂದು ಕೇಳಿದಳು.

"ನನ್ನ ಕಡೆ ಇನ್ನ ಬರಬ್ಯಾಡ," ಎಂದ ಭರಮಪ್ಪ. "ನನ್ನ ಮಾತು ಕೇಳಾವ್ರು ಇನ್ನೂ ಆರು ಮಂದಿ ಅದಾರ. ಅವರಿಗೆ ಕಲಸೂದು ಬಾಳ ಉಳದೈತಿ."